ಪ್ರಶ್ನೆ ನಮ್ಮದು, ಓದೋದು ಮಾತ್ರ ನೀವು

ಅಮೆರಿಕದ ಅಧ್ಯಕ್ಷರು ಎಲ್ಲಿಗಾದರೂ ಬರುತ್ತಾರೆ ಅಂದರೆ ಮೊದಲು ಅವರ ಸರಂಜಾಮು ಬರುತ್ತದೆ. ಗುಂಡು ಹಾಯದ ಕಾರು, ಮೂಸಿ ನೋಡುವ ನಾಯಿ, ಕಿವಿಗೆ ವೈರು ಸಿಕ್ಕಿಸಿಕೊಂಡ ದಾಂಡಿಗರು. 2024ರ ಜುಲೈ ಮೊದಲ ವಾರ ಫಿಲಡೆಲ್ಫಿಯಾದ ಒಂದು ಸಣ್ಣ ರೇಡಿಯೋ ಸ್ಟೇಷನ್ನಿಗೆ ಇದ್ಯಾವುದೂ ಬರಲಿಲ್ಲ. ಯಾಕೆಂದರೆ ಅಧ್ಯಕ್ಷ ಜೋ ಬೈಡನ್ ಅಲ್ಲಿಗೆ ಬಂದಿದ್ದು ಫೋನಿನಲ್ಲಿ. ಅವರಿಗಿಂತ ಮುಂಚೆ ಬಂದಿದ್ದು ಎಂಟು ಪ್ರಶ್ನೆಗಳು.

ಅಧ್ಯಕ್ಷರು ಕೇಳುವ ಪ್ರಶ್ನೆಗಳಲ್ಲ. ಅಧ್ಯಕ್ಷರನ್ನು ಕೇಳಬೇಕಾದ ಪ್ರಶ್ನೆಗಳು. ಕಳಿಸಿದವರು ಅಧ್ಯಕ್ಷರ ಪ್ರಚಾರ ತಂಡದವರೇ.

ಪ್ರಶ್ನೆಪತ್ರಿಕೆ ಸೋರಿಕೆ ನಮಗೇನು ಹೊಸದಲ್ಲ. ಆದರೆ ನಮ್ಮಲ್ಲಿ ಅದು ಮೇಷ್ಟ್ರ ಕಡೆಯಿಂದ ಹುಡುಗರ ಕಡೆಗೆ ಸೋರುತ್ತದೆ. ಇಲ್ಲಿ ಹುಡುಗನೇ ಕೂತು ಪೇಪರ್ ಬರೆದು ಮೇಷ್ಟ್ರ ಕೈಗೆ ಕೊಟ್ಟ. ಎಂಟರಲ್ಲಿ ಯಾವುದಾದರೂ ನಾಲ್ಕು ಕೇಳಿದರೆ ಸಾಕು. ಚಾಯ್ಸ್ ಕೂಡ ಉಂಟು ನೋಡಿ!

ಆ ಸ್ಟೇಷನ್ನಿನ ಹೆಸರು ಡಬ್ಲ್ಯೂಯುಆರ್‌ಡಿ. ಊರವರ ಬಾಯಲ್ಲಿ ಬರೀ 'ವರ್ಡ್'. ಎಎಂನಲ್ಲಿ 900ಕ್ಕೆ ತಿರುಗಿಸಿದರೆ ಸಿಗುತ್ತದೆ. ವಾಲ್ಟರ್ ಲೋಮ್ಯಾಕ್ಸ್ ಅನ್ನುವ ಡಾಕ್ಟರೊಬ್ಬರು 2003ರಲ್ಲಿ ಇದನ್ನು ಕೊಂಡರು. ಈಗ ಮಗಳು ಸಾರಾ ಲೋಮ್ಯಾಕ್ಸ್ ನಡೆಸುತ್ತಾರೆ. ಇಡೀ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕಪ್ಪು ಜನರೇ ಮಾಲೀಕರಾಗಿರುವ ಮಾತಿನ ರೇಡಿಯೋ ಇದೊಂದೇ. ಹಾಡು ಕಮ್ಮಿ, ಮಾತು ಜಾಸ್ತಿ.

ಇಂಥ ರೇಡಿಯೋದ ಜೀವ ಇರುವುದು ಫೋನಿನಲ್ಲಿ. 'ತುಂಬಾ ವರ್ಷದಿಂದ ಕೇಳ್ತಿದೀನಿ, ಫೋನ್ ಮಾಡ್ತಿರೋದು ಇದೇ ಮೊದಲು' ಅಂತ ಮೆತ್ತಗೆ ಶುರು ಮಾಡುವವರು ಮೂರೇ ನಿಮಿಷದಲ್ಲಿ ಮೇಯರ್, ಪೊಲೀಸ್ ಕಮಿಷನರ್, ಶಾಲಾ ಮಂಡಳಿ, ಕೊನೆಗೆ ಸ್ವಂತ ಅಳಿಯನವರೆಗೆ ಎಲ್ಲರಿಗೂ ಮಂಗಳಾರತಿ ಎತ್ತಿ ಮುಗಿಸಿರುತ್ತಾರೆ. ಇವರಿಗೆ ಯಾರೂ ಪ್ರಶ್ನೆ ಬರೆದು ಕೊಟ್ಟಿರುವುದಿಲ್ಲ. ಕೊಟ್ಟರೂ ನೋಡಿಕೊಂಡು ಓದುವ ಪೈಕಿ ಅಲ್ಲ.

ಇಂಥ ಕಡೆ ಗಾಳಿಸುದ್ದಿಯೂ ಧಾರಾಳವಾಗಿ ಓಡಾಡುತ್ತದೆ, ನಿಜ. ಆಸ್ಪತ್ರೆಯನ್ನು ನಂಬಬೇಡಿ, ಸರ್ಕಾರ ನಮ್ಮನ್ನು ಮುಗಿಸಲು ಹೊಂಚು ಹಾಕಿದೆ ಅನ್ನುವವರೂ ಫೋನ್ ಮಾಡುತ್ತಾರೆ. ಸುಶಿಕ್ಷಿತರು ಇದನ್ನು ಕೇಳಿ ಮೂಗು ಮುರಿಯುತ್ತಾರೆ. ಆದರೆ ಲೆಕ್ಕ ಹಾಕಿ. ಅಲಬಾಮಾದ ಟಸ್ಕೆಗೀಯಲ್ಲಿ 1932ರಿಂದ 1972ರವರೆಗೆ ನೂರಾರು ಕಪ್ಪು ಗಂಡಸರಿಗೆ ಸಿಫಿಲಿಸ್ ಇದೆ ಅಂತ ಗೊತ್ತಿದ್ದೂ, ಔಷಧಿ ಬಂದ ಮೇಲೂ ಕೊಡದೆ, ರೋಗ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಸರ್ಕಾರಿ ಡಾಕ್ಟರುಗಳೇ ನೋಡುತ್ತಾ ಕೂತಿದ್ದ ದೇಶ ಅದು. ಇದೇ ಫಿಲಡೆಲ್ಫಿಯಾದಲ್ಲಿ 1985ರ ಮೇ 13ರಂದು ಪೊಲೀಸರು ಹೆಲಿಕಾಪ್ಟರಿನಿಂದ ಒಂದು ಮನೆಯ ಮೇಲೆ ಬಾಂಬು ಹಾಕಿದರು. ಮನೆಯಲ್ಲಿದ್ದವರು 'ಮೂವ್' ಅನ್ನುವ ಕಪ್ಪು ಜನರ ಗುಂಪಿನವರು. ಐದು ಮಕ್ಕಳೂ ಸೇರಿ 11 ಜನ ಸತ್ತರು. ಬೆಂಕಿ ಆರಿಸುವುದು ತಡವಾಗಿ ಅಕ್ಕಪಕ್ಕದ ಸುಮಾರು 60 ಮನೆಗಳು ಸುಟ್ಟು ಬೂದಿಯಾದವು. ಆಗ ಮೇಯರ್ ಆಗಿದ್ದವರು ಊರಿನ ಮೊಟ್ಟಮೊದಲ ಕಪ್ಪು ಮೇಯರ್! ಇಂಥ ಊರಿನಲ್ಲಿ ಗಾಳಿಸುದ್ದಿ ನಂಬುವವರನ್ನು ಬೈಯಲು ನನಗಂತೂ ಬಾಯಿ ಬರುವುದಿಲ್ಲ. ಅಲ್ಲಿ ನಿಜವೇ ಗಾಳಿಸುದ್ದಿಯ ಥರ ಕೇಳಿಸುತ್ತದೆ.

ಇಷ್ಟು ಬಾಯಿ ಜೋರಿನ ರೇಡಿಯೋ ಇದು. ದಿನಾ ಬೆಳಗಾದರೆ ಜಗಳ. ಆದರೆ ದೇಶವೆಲ್ಲ ಸುದ್ದಿಯಾಗಿದ್ದು, ವಿವಾದ ಆಗಿದ್ದು, ಕೊನೆಗೆ ಒಬ್ಬರ ಕೆಲಸವೇ ಹೋಗಿದ್ದು ಮಾತ್ರ ಒಂದು ಜಗಳವೂ ಇಲ್ಲದ, ವಿನಯದಿಂದ ನಡೆದ ಕಾರ್ಯಕ್ರಮದಿಂದ.

ಆಗಿದ್ದು ಇಷ್ಟು. 2024ರ ಜೂನ್ 27ರ ರಾತ್ರಿ ಅಟ್ಲಾಂಟಾದಲ್ಲಿ ಬೈಡನ್ ಮತ್ತು ಟ್ರಂಪ್ ಮುಖಾಮುಖಿ ಚರ್ಚೆ. ಬೈಡನ್ ಮಾತು ಮಧ್ಯದಲ್ಲೇ ಕಳೆದುಹೋಯಿತು. ದನಿ ಬಿದ್ದುಹೋಯಿತು. ಇಡೀ ಪಕ್ಷಕ್ಕೆ ನಡುಕ. ಟ್ರಂಪ್ ಏನು ಕಮ್ಮಿ ಅಲ್ಲ. ವಲಸೆ ಬಂದವರು 'ಬ್ಲ್ಯಾಕ್ ಜಾಬ್ಸ್' ಕಸಿಯುತ್ತಿದ್ದಾರೆ ಅಂತ ಅದೇ ವೇದಿಕೆಯಲ್ಲಿ ಹೇಳಿ, ಕಪ್ಪು ಜನರ ಕೆಲಸ ಅಂದರೆ ಯಾವುದಪ್ಪ ಅಂತ ಡಾಕ್ಟರು, ವಕೀಲರು, ಪೈಲಟ್ಟುಗಳೆಲ್ಲ ಮಾರನೇ ದಿನ ತಲೆ ಕೆರೆದುಕೊಳ್ಳುವ ಹಾಗೆ ಮಾಡಿದರು. ಆದರೆ ಟ್ರಂಪ್ ಕೆಟ್ಟದಾಗಿ ಮಾತಾಡಿದರೆ ಸುದ್ದಿ ಅಲ್ಲ. ಬೈಡನ್ ತೊದಲಿದ್ದೇ ಸುದ್ದಿ.

ಈಗ ಅಧ್ಯಕ್ಷರು ಸರಿಯಾಗೇ ಮಾತಾಡುತ್ತಾರೆ ಅಂತ ತೋರಿಸಬೇಕಿತ್ತು. ಎಲ್ಲಿ ತೋರಿಸುವುದು? ಕಷ್ಟ ಬಂದಾಗ ನೆಂಟರ ಮನೆ ನೆನಪಾಗುತ್ತದಲ್ಲ, ಹಾಗೆ ಪ್ರಚಾರ ತಂಡಕ್ಕೆ ಕಪ್ಪು ಜನರ ರೇಡಿಯೋ ನೆನಪಾಯಿತು. ಫಿಲಡೆಲ್ಫಿಯಾದ ಇದೇ ವರ್ಡ್‌ನಲ್ಲಿ ಆಂಡ್ರಿಯಾ ಲಾಫುಲ್-ಸ್ಯಾಂಡರ್ಸ್ ಆಗ ನಡೆಸುತ್ತಿದ್ದ 'ದಿ ಸೋರ್ಸ್' ಶೋ. ವಿಸ್ಕಾನ್ಸಿನ್ನಿನ ಮಿಲ್ವಾಕೀಯಲ್ಲಿ ಅರ್ಲ್ ಇಂಗ್ರಾಮ್ ಅವರ ಶೋ. ಪ್ರೀತಿ ಉಕ್ಕಿ ಬಂದು ಆರಿಸಿದ ಊರುಗಳೇನಲ್ಲ. ಅಧ್ಯಕ್ಷರು ಯಾರು ಅಂತ ತೀರ್ಮಾನಿಸುವ ಎಲೆಕ್ಟೋರಲ್ ಮತ ಪೆನ್ಸಿಲ್ವೇನಿಯಾದಲ್ಲಿ 19, ವಿಸ್ಕಾನ್ಸಿನ್ನಿನಲ್ಲಿ 10; ರಾಜ್ಯ ಗೆದ್ದವರಿಗೆ ಅಷ್ಟೂ. 2020ರಲ್ಲಿ ಬೈಡನ್ ವಿಸ್ಕಾನ್ಸಿನ್ ಗೆದ್ದಿದ್ದು 20,682 ಮತಗಳಿಂದ. ಅಷ್ಟು ಸಣ್ಣ ಅಂತರದ ರಾಜ್ಯದಲ್ಲಿ ಇರುವವರ ದನಿ ಯಾವ ಪಕ್ಷಕ್ಕಾದರೂ ಇಂಪಾಗೇ ಕೇಳಿಸುತ್ತದೆ.

ಜುಲೈ 3ರಂದು ಎರಡೂ ಸಂದರ್ಶನ ರೆಕಾರ್ಡ್ ಆದವು. ಮಾರನೇ ದಿನ ಪ್ರಸಾರ. ಅದು ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಸ್ವಾತಂತ್ರ್ಯದ ಘೋಷಣೆಗೆ ಸಹಿ ಬಿದ್ದ ಊರು ಅದೇ ಫಿಲಡೆಲ್ಫಿಯಾ. ಅಲ್ಲಿ, ಆ ದಿನವೇ, ಕೊಟ್ಟ ಪ್ರಶ್ನೆಯನ್ನು ಕೊಟ್ಟವರಿಗೇ ಕೇಳುವ ಕಾರ್ಯಕ್ರಮ. ಮುಹೂರ್ತ ಇಟ್ಟವರಿಗೆ ದೊಡ್ಡ ನಮಸ್ಕಾರ.

ಪ್ರಶ್ನೆಗಳಾದರೂ ಎಂಥವು ಅಂತೀರಿ? ನಿಮ್ಮ ಸಾಧನೆಗಳ ಬಗ್ಗೆ ಸ್ವಲ್ಪ ಹೇಳಿ, ವಿಶೇಷವಾಗಿ ನಮ್ಮ ರಾಜ್ಯಕ್ಕೆ ಏನು ಮಾಡಿದಿರಿ? ಈ ಚುನಾವಣೆಯಲ್ಲಿ ಕಪ್ಪು ಸಮುದಾಯಕ್ಕೆ ಏನೆಲ್ಲ ಪಣಕ್ಕಿದೆ? ಮತ ಹಾಕದೆ ಮನೆಯಲ್ಲಿ ಕೂರುತ್ತೇನೆ ಅನ್ನುವವರಿಗೆ ಏನು ಹೇಳುತ್ತೀರಿ? ಚರ್ಚೆ ಹೇಗಾಯಿತು? ಎರಡೂ ಕಡೆ ಹೆಚ್ಚುಕಮ್ಮಿ ಇವೇ. ಪೆನ್ಸಿಲ್ವೇನಿಯಾ ಇದ್ದ ಕಡೆ ವಿಸ್ಕಾನ್ಸಿನ್ ಅಂತ ಬದಲಾಯಿಸಿದರೆ ಆಯಿತು. ಮದುವೆ ಕರೆಯೋಲೆಯಲ್ಲಿ ಹೆಸರಿನ ಜಾಗ ಖಾಲಿ ಬಿಡುತ್ತಾರಲ್ಲ, ಆ ಲೆಕ್ಕ.

ಈ ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಡಲು ವಿಶೇಷ ಪ್ರತಿಭೆ ಬೇಕು. ಅಧ್ಯಕ್ಷರಿಗೆ ಅದಿತ್ತು. ಕಪ್ಪು ಅಧ್ಯಕ್ಷ ಒಬಾಮಾ ಕೈಕೆಳಗೆ ತಾನು ಉಪಾಧ್ಯಕ್ಷನಾಗಿದ್ದೆ, ತಾನು ಆರಿಸಿದ ಉಪಾಧ್ಯಕ್ಷೆ ಮೊದಲ ಕಪ್ಪು ಮಹಿಳೆ, ಸುಪ್ರೀಂ ಕೋರ್ಟಿಗೆ ಮೊದಲ ಕಪ್ಪು ಮಹಿಳೆಯನ್ನು ಕಳಿಸಿದವನೂ ತಾನೇ ಅಂತ ಹೇಳಬೇಕಿತ್ತು. ಮೂರೂ ನಿಜ. ಹೆಮ್ಮೆಪಡುವಂಥದ್ದೇ. ಆದರೆ ಬಾಯಿಗೆ ಬರುವಾಗ ಮೂರೂ ಒಂದಕ್ಕೊಂದು ಸುತ್ತಿಕೊಂಡವು. ಕಪ್ಪು ಅಧ್ಯಕ್ಷರ ಜೊತೆ ಕೆಲಸ ಮಾಡಿದ ಮೊದಲ ಕಪ್ಪು ಮಹಿಳೆ ತಾನು ಅನ್ನುವ ಅರ್ಥ ಬರುವ ಹಾಗೆ ಮಾತು ಹೊರಟಿತು. 81 ವರ್ಷದ ಬಿಳಿ ಯಜಮಾನರು, ಕಪ್ಪು ಜನರ ರೇಡಿಯೋದಲ್ಲಿ! ಅವರು ಹೇಳಿದ್ದರ ಅರ್ಥ ಎಲ್ಲರಿಗೂ ಸ್ಪಷ್ಟವಾಗಿದೆ, ಇದೊಂದು ಸುದ್ದಿಯೇ ಅಲ್ಲ, ಮಾಧ್ಯಮದವರದ್ದು ಅತಿಯಾಯಿತು ಅಂತ ಪ್ರಚಾರ ತಂಡ ಗದರಿತು. ಪಾಪ, ಪ್ರಶ್ನೆ ಕಳಿಸಿದವರು ಅದರ ಜೊತೆ ಉತ್ತರವನ್ನೂ ಕಳಿಸಿಬಿಟ್ಟಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ. ಆಂಡ್ರಿಯಾ ಅವರೇ ಎರಡನ್ನೂ ಓದಿಬಿಡುತ್ತಿದ್ದರು. ಅಧ್ಯಕ್ಷರಿಗೆ ಸ್ವಲ್ಪ ನಿದ್ದೆಯಾದರೂ ಆಗುತ್ತಿತ್ತು.

ನಿದ್ದೆ ಅಂದಿದ್ದು ಸುಮ್ನೆ ಅಲ್ಲ. ರೆಕಾರ್ಡಿಂಗ್ ಆದ ಅದೇ ಜುಲೈ 3ರ ಸಂಜೆ ಬೈಡನ್ ತಮ್ಮ ಪಕ್ಷದ ಗವರ್ನರುಗಳ ಜೊತೆ ಕೂತಿದ್ದರು. ತನಗೆ ನಿದ್ದೆ ಸಾಲುತ್ತಿಲ್ಲ, ರಾತ್ರಿ 8ರ ಮೇಲೆ ಕಾರ್ಯಕ್ರಮ ಇಟ್ಟುಕೊಳ್ಳುವುದು ಕಮ್ಮಿ ಮಾಡಬೇಕು ಅಂತ ಅಲ್ಲಿ ಹೇಳಿದರು ಅಂತ ಪತ್ರಿಕೆಗಳು ಬರೆದವು. ಯೋಚನೆ ಮಾಡಿ. ಆ ದಿನ ವರ್ಡ್ ಸ್ಟೇಷನ್ನಿನ ಫೋನ್ ಲೈನನ್ನು ಐದು ನಿಮಿಷ ಜನರಿಗೆ ಬಿಟ್ಟಿದ್ದರೆ? ಉತ್ತರ ಫಿಲಡೆಲ್ಫಿಯಾದ ಯಾವುದೋ ಅಡುಗೆಮನೆಯಿಂದ ಒಬ್ಬ ಅಜ್ಜಿ ಲೈನಿಗೆ ಬರುತ್ತಿದ್ದಳು. ಎಂಟು ಪ್ರಶ್ನೆ ಬೇಕಿರಲಿಲ್ಲ, ಒಂದೇ ಸಾಕಾಗಿತ್ತು: 'ಏನಪ್ಪಾ ಜೋ, ರಾತ್ರಿ ಸರಿಯಾಗಿ ನಿದ್ದೆ ಮಾಡ್ತಿದೀಯಾ?' ದೇಶದ ದೊಡ್ಡ ದೊಡ್ಡ ಪತ್ರಕರ್ತರು ವರ್ಷಗಟ್ಟಲೆ ಸುತ್ತಿ ಬಳಸಿ ಕೇಳುತ್ತಿದ್ದ ಪ್ರಶ್ನೆ ಅದೇ ಅಲ್ವಾ? ಅದಕ್ಕೇ ಇರಬೇಕು, ಅಜ್ಜಿಗೆ ಲೈನ್ ಸಿಗಲಿಲ್ಲ.

ಗುಟ್ಟು ರಟ್ಟಾಗಿದ್ದು ಜುಲೈ 6ರ ಶನಿವಾರ. ಸಿಎನ್‌ಎನ್‌ನ ವಿಕ್ಟರ್ ಬ್ಲ್ಯಾಕ್‌ವೆಲ್‌ಗೆ ಎರಡೂ ಸಂದರ್ಶನದ ಪ್ರಶ್ನೆಗಳು ಅವಳಿಜವಳಿಯ ಹಾಗೆ ಕಂಡವು. ಈ ಪ್ರಶ್ನೆಗಳನ್ನು ನಿಮಗೆ ಅವರೇ ಕೊಟ್ಟರಾ ಅಂತ ಆಂಡ್ರಿಯಾ ಅವರನ್ನು ನೇರವಾಗಿ ಕೇಳಿದರು. ಆ ಹೆಂಗಸು ಸುತ್ತಿ ಬಳಸಲಿಲ್ಲ. ಹೌದು, ಎಂಟು ಬಂದಿದ್ದವು, ನಾನು ಒಪ್ಪಿದ ನಾಲ್ಕನ್ನು ಕೇಳಿದೆ ಅಂದರು. ಇಡೀ ಪ್ರಕರಣದಲ್ಲಿ ಸ್ವಂತ ಪ್ರಶ್ನೆ ಕೇಳಿದವರು ಬ್ಲ್ಯಾಕ್‌ವೆಲ್ ಒಬ್ಬರೇ, ಸ್ವಂತ ಉತ್ತರ ಕೊಟ್ಟವರು ಆಂಡ್ರಿಯಾ ಒಬ್ಬರೇ. ಪರಿಣಾಮ? ಮಾರನೇ ದಿನ, ಭಾನುವಾರ, ಆಂಡ್ರಿಯಾ ಮತ್ತು ಸ್ಟೇಷನ್ 'ಪರಸ್ಪರ ಒಪ್ಪಿಗೆಯಿಂದ' ಬೇರೆಯಾದರು.

ಈ ಸಂದರ್ಶನ ನಮಗೆ ಗೊತ್ತಿಲ್ಲದ ಹಾಗೆ ಏರ್ಪಾಡಾಯಿತು, ನಾವು ಬೈಡನ್ ಸರ್ಕಾರದ ತುತ್ತೂರಿಯೂ ಅಲ್ಲ, ಇನ್ಯಾವ ಸರ್ಕಾರದ್ದೂ ಅಲ್ಲ ಅಂತ ಆಡಳಿತದವರು ಹೇಳಿಕೆ ಕೊಟ್ಟರು. ಮಾತು ಸರಿಯಾಗಿದೆ. ಕೇಳುಗರ ನಂಬಿಕೆಯೇ ಬಂಡವಾಳ ಆಗಿರುವ ಸ್ಟೇಷನ್ ಅದು, ಬೇರೇನು ಹೇಳಲು ಸಾಧ್ಯ? ಒಪ್ಪುತ್ತೇನೆ. ಆದರೂ ನನ್ನ ಮಂದಬುದ್ಧಿಗೆ ಒಂದು ಅನುಮಾನ. ದೇಶದ ಅಧ್ಯಕ್ಷರು ನಮ್ಮ ಸ್ಟೇಷನ್ನಿಗೆ ಬರುತ್ತಾರೆ ಅಂತಾದರೆ, ಪ್ರಸಾರ ಆಗುವ ಮುಂಚೆ ಮೇಲಿನವರು ಒಂದೇ ಒಂದು ಸಲ 'ಏನು ಕೇಳಬೇಕು ಅಂತಿದೀರಿ' ಅಂತ ಬಾಯಿ ಬಿಡುವುದಿಲ್ಲವೇ? ಪ್ರಶ್ನೆ ಕೇಳುವುದೇ ಕಸುಬಾಗಿರುವ ಮನೆಯಲ್ಲಿ ಆ ಒಂದು ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ.

ಪ್ರಚಾರ ತಂಡದ ಸಮರ್ಥನೆ ಇನ್ನೂ ಸೊಗಸು. ಯಾವ ವಿಷಯ ಮಾತಾಡಿದರೆ ಚೆನ್ನ ಅಂತ ಅತಿಥಿಗಳು ತಿಳಿಸುವುದು ಅಪರೂಪವೇನಲ್ಲ, ನಮ್ಮ ಪ್ರಶ್ನೆಗಳನ್ನೇ ಕೇಳಿ ಅಂತ ನಾವು ಷರತ್ತು ಹಾಕಿರಲಿಲ್ಲ, ನಿರೂಪಕರು ತಮಗೆ ಬೇಕಾದ್ದು ಕೇಳಲು ಸ್ವತಂತ್ರರು ಅಂತ ವಿವರಣೆ ಬಂತು. ಹೌದು ಮತ್ತೆ! ನಿಮಗೆ ಪೂರ್ತಿ ಸ್ವಾತಂತ್ರ್ಯ ಇದೆ. ಮುಂದಿನ ಸಲ ನಿಮಗೆ ಫೋನ್ ಮಾಡುವುದೋ ಬಿಡುವುದೋ ಅನ್ನುವ ಸ್ವಾತಂತ್ರ್ಯ ನಮಗೂ ಇದೆ. ಮಿಲ್ವಾಕೀಯ ಅರ್ಲ್ ಇಂಗ್ರಾಮ್ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ತನಗೆ ಐದು ಪ್ರಶ್ನೆ ಬಂದಿತ್ತು, ನಾಲ್ಕು ಕೇಳಿದೆ ಅಂದರು. ಅಮೆರಿಕದ ಅಧ್ಯಕ್ಷರನ್ನು ಮನಸ್ಸಿಗೆ ಬಂದದ್ದು ಕೇಳುವ ಅವಕಾಶ ಸಿಗುತ್ತದೆ ಅಂತ ನಿರೀಕ್ಷಿಸುವುದೇ ಜಾಸ್ತಿಯಾಯಿತು ಅನ್ನುವ ಅರ್ಥದ ಮಾತನ್ನೂ ಸೇರಿಸಿದರು. ಇದನ್ನು ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಜುಲೈ 5ರಂದು ಎಬಿಸಿ ಟಿವಿಯ ಜಾರ್ಜ್ ಸ್ಟೆಫನೋಪೌಲೋಸ್ ಇದೇ ಬೈಡನ್ನರನ್ನು ಎದುರು ಕೂರಿಸಿಕೊಂಡು, ಗೆಲ್ಲಲಾಗದು ಅಂತ ಗೊತ್ತಾದರೆ ಕಣದಿಂದ ಹಿಂದೆ ಸರಿಯುತ್ತೀರಾ, ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳುತ್ತೀರಾ ಅಂತ ಬೆವರಿಳಿಸಿದರು. ಅಲ್ಲಿ ಅದು ಪತ್ರಿಕೋದ್ಯಮ. ಇಲ್ಲಿ ಅದು ನಿರೀಕ್ಷೆ ಜಾಸ್ತಿಯಾಯಿತು.

ಮಿಲ್ವಾಕೀ ಕಥೆ ಅಲ್ಲಿಗೇ ಮುಗಿಯಲಿಲ್ಲ. ಇಂಗ್ರಾಮ್ ಶೋ ಪ್ರಸಾರ ಮಾಡುತ್ತಿದ್ದ ಸಿವಿಕ್ ಮೀಡಿಯಾ ಅನ್ನುವ ರೇಡಿಯೋ ಜಾಲ ಜುಲೈ 11ರಂದು ಇನ್ನೊಂದು ಗುಟ್ಟು ಬಿಟ್ಟುಕೊಟ್ಟಿತು. ರೆಕಾರ್ಡಿಂಗ್ ಮುಗಿದ ಕೂಡಲೇ ಪ್ರಚಾರ ತಂಡದಿಂದ ಫೋನ್ ಬಂದಿತ್ತಂತೆ, ಎರಡು ಕಡೆ ಕತ್ತರಿ ಹಾಕಿ ಅಂತ. ಹಾಕಿದ್ದಾರೆ. ಒಂದು ತುಣುಕು ಟ್ರಂಪ್ ಮತ್ತು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಪ್ರಕರಣದ ಬಗ್ಗೆ. 1989ರಲ್ಲಿ ಅಲ್ಲಿ ನಡೆದ ಅತ್ಯಾಚಾರಕ್ಕೆ ಐದು ಕಪ್ಪು ಮತ್ತು ಲ್ಯಾಟಿನೋ ಹುಡುಗರನ್ನು ತಪ್ಪಾಗಿ ಜೈಲಿಗೆ ಹಾಕಿದ್ದರು, ಮರಣದಂಡನೆ ಬೇಕು ಅಂತ ಟ್ರಂಪ್ ಆಗ ಜಾಹೀರಾತು ಕೊಟ್ಟಿದ್ದರು. ಅಲ್ಲಿ ಅಧ್ಯಕ್ಷರು ತಡಬಡಾಯಿಸಿ ಆ ಹುಡುಗರಿಗೆ ಕೊಲೆ ಆರೋಪ ಅಂಟಿಸಿದ್ದರು. ಪ್ರಕರಣದಲ್ಲಿ ಕೊಲೆಯೇ ಇರಲಿಲ್ಲ. ಅದನ್ನು ತೆಗೆಸಿದ್ದು ಅರ್ಥವಾಗುತ್ತದೆ. ಇನ್ನೊಂದು ತುಣುಕು? ಹಿಂದಿನ ಎಲ್ಲ ಅಧ್ಯಕ್ಷರನ್ನು ಸೇರಿಸಿದರೂ ನನ್ನ ಸರ್ಕಾರದಲ್ಲಿ ಇರುವಷ್ಟು ಕಪ್ಪು ಜನ ಇರಲಿಲ್ಲ ಅಂತ ಬೈಡನ್ ಕೊಚ್ಚಿಕೊಂಡಿದ್ದು. ಪ್ರಶ್ನೆಯೂ ಇವರದ್ದೇ, ಉತ್ತರವೂ ಇವರದ್ದೇ, ಕತ್ತರಿಯೂ ಇವರದ್ದೇ. ರೇಡಿಯೋದವರ ಪಾಲಿಗೆ ಉಳಿದಿದ್ದು ಕರೆಂಟ್ ಬಿಲ್ಲು.

ಇಲ್ಲಿ ಹಳೇ ಮಾತೊಂದು ಹೇಳಬೇಕು. ಅಮೆರಿಕದಲ್ಲಿ ಕಪ್ಪು ಮನುಷ್ಯನೊಬ್ಬ ಮಾಲೀಕನಾದ ಮೊದಲ ರೇಡಿಯೋ ಸ್ಟೇಷನ್ ಅಟ್ಲಾಂಟಾದ ಡಬ್ಲ್ಯೂಇಆರ್‌ಡಿ. 1949ರಲ್ಲಿ ಜೆಸ್ಸಿ ಬ್ಲೇಟನ್ ಅದನ್ನು ಕೊಂಡರು. ಬೈಡನ್ ಮಾತು ತಪ್ಪಿಹೋದ ಊರೂ ಅದೇ ಅಟ್ಲಾಂಟಾ, ಬಿಡಿ. ಸ್ಟೇಷನ್ ಇದ್ದ ಕಟ್ಟಡದಲ್ಲೇ ಕೆಳಗೆ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಯ ಆಫೀಸು. ಕಿಂಗ್‌ಗೆ ಏನಾದರೂ ಹೇಳಬೇಕು ಅನ್ನಿಸಿದರೆ ಪೊರಕೆ ಹಿಡಿಯಿಂದ ಮೇಲ್ಛಾವಣಿಗೆ ಕುಟ್ಟುತ್ತಿದ್ದರಂತೆ. ಮೇಲಿನವರು ಹಾಡು ನಿಲ್ಲಿಸಿ ಕಿಟಕಿಯಿಂದ ಮೈಕನ್ನು ಕೆಳಗೆ ಇಳಿಬಿಡುತ್ತಿದ್ದರಂತೆ. ಅಟ್ಲಾಂಟಾದಲ್ಲಿ ಈ ಕಥೆ ಇವತ್ತಿಗೂ ಹೇಳುತ್ತಾರೆ. ಪೊರಕೆ ಕುಟ್ಟಿದರೆ ಸಾಕಿತ್ತು, ಬುಕಿಂಗ್ ಇಲ್ಲ, ಪಟ್ಟಿ ಇಲ್ಲ. ಪೊರಕೆಗೆ ಆ ಕಾಲದಲ್ಲಿ ಒಂದು ಮರ್ಯಾದೆ ಇತ್ತು.

ಜಾಹೀರಾತಿನ ಲೋಕ ಇನ್ನೂ ಖಡಕ್ಕು. 1998ರಲ್ಲಿ ಕ್ಯಾಟ್ಜ್ ಅನ್ನುವ ಜಾಹೀರಾತು ಮಾರಾಟ ಕಂಪನಿಯ ಒಳಗಿನ ಟಿಪ್ಪಣಿಯೊಂದು ಹೊರಬಿತ್ತು. ಕಪ್ಪು ಜನ ಕೇಳುವ ಸ್ಟೇಷನ್ನುಗಳಿಗೆ ಜಾಹೀರಾತು ಕೊಡಬೇಡಿ, ನಮಗೆ ಬೇಕಿರುವುದು ಗಿರಾಕಿಗಳು, ಶಂಕಿತರಲ್ಲ ಅಂತ ಅದರ ಸಾರಾಂಶ. ಭಾರೀ ಗಲಾಟೆ ಆಯಿತು, ಕ್ಷಮೆ ಬಂತು. ಸೋಪು ಮಾರುವವನಿಗೆ ಈ ಕೇಳುಗರು ಗಿರಾಕಿಯೇ ಅಲ್ಲ. ನಾಲ್ಕು ವರ್ಷಕ್ಕೊಮ್ಮೆ ಮತ ಕೇಳುವವನಿಗೆ ಮಾತ್ರ ಇದ್ದಕ್ಕಿದ್ದ ಹಾಗೆ ದೇಶದ ಬೆನ್ನೆಲುಬು.

ಆ ಬೆನ್ನೆಲುಬಿನ ಮೇಲೆ ಬೈಡನ್ ಸವಾರಿ ಹೊಸದೇನಲ್ಲ. 2020ರ ಮೇನಲ್ಲಿ 'ದಿ ಬ್ರೇಕ್‌ಫಾಸ್ಟ್ ಕ್ಲಬ್' ರೇಡಿಯೋ ಶೋನಲ್ಲಿ ಅದರ ಕಪ್ಪು ನಿರೂಪಕ ಶಾರ್ಲಮೇನ್ ಥಾ ಗಾಡ್ ಜೊತೆ ಮಾತಾಡುತ್ತಾ, ನನಗೆ ಮತ ಹಾಕುವುದೋ ಟ್ರಂಪ್‌ಗೋ ಅಂತ ನಿಮಗೆ ಇನ್ನೂ ಗೊಂದಲ ಇದ್ದರೆ ನೀವು ಕಪ್ಪು ಜನರೇ ಅಲ್ಲ ಅಂದುಬಿಟ್ಟರು. ಜಾತಿ ಪ್ರಮಾಣಪತ್ರ ಕೊಡುವ ತಹಸೀಲ್ದಾರರ ಗತ್ತು! ಆಮೇಲೆ ತಪ್ಪಾಯಿತು ಅಂದರು ಅನ್ನಿ. ಅದೇ ಶೋನಲ್ಲಿ ಸಹಾಯಕರು ಸಮಯ ಮುಗಿಯಿತು ಅಂತ ಮಧ್ಯೆ ಬಂದಾಗ, ಕಪ್ಪು ಮಾಧ್ಯಮಕ್ಕೆ ಹೀಗೆ ಮಾಡಬಾರದು ಅಂತ ಶಾರ್ಲಮೇನ್ ತಕರಾರು ತೆಗೆದರು. ಬಿಳಿ ಮಾಧ್ಯಮಕ್ಕೂ ಹೀಗೇ ಮಾಡುತ್ತೇನೆ, 6 ಗಂಟೆಗೆ ನನ್ನ ಹೆಂಡತಿಯ ಕಾರ್ಯಕ್ರಮ ಇದೆ ಅಂದರು ಬೈಡನ್. ಆ ಗಲಾಟೆಯಿಂದ ಪ್ರಚಾರ ತಂಡ ಕಲಿತ ಪಾಠ: ಯಜಮಾನರನ್ನು ಕಪ್ಪು ಜನರ ರೇಡಿಯೋಗೆ ಬಿಡುವಾಗ ಪ್ರಶ್ನೆಗಳು ಮನೆಯಿಂದಲೇ ಹೋಗಲಿ. ಬುತ್ತಿ ಕಟ್ಟಿಕೊಟ್ಟ ಹಾಗೆ.

ಇಷ್ಟೆಲ್ಲ ಕೇಳಿ ಟ್ರಂಪ್ ಕಡೆಯವರಿಗೆ ಖುಷಿಯೋ ಖುಷಿ. ಅವರ ಯಜಮಾನರು ಜುಲೈ 31ರಂದು ಶಿಕಾಗೋದಲ್ಲಿ ಕಪ್ಪು ಪತ್ರಕರ್ತರ ಸಂಘದ ಸಮಾವೇಶಕ್ಕೆ ಹೋದರು. ಪ್ರಶ್ನೆಪತ್ರಿಕೆ ಕೈಲಿರಲಿಲ್ಲ. ಕಾರ್ಯಕ್ರಮ ಶುರುವಾಗಿದ್ದೇ ಒಂದು ಗಂಟೆಗೂ ಜಾಸ್ತಿ ತಡ. ಮೊದಲ ಪ್ರಶ್ನೆಗೇ, ಇಷ್ಟು ಕೆಟ್ಟದಾಗಿ ನನ್ನನ್ನು ಯಾರೂ ಕೇಳಿಲ್ಲ ಅಂತ ಹಾರಾಡಿದರು. ಕಮಲಾ ಹ್ಯಾರಿಸ್ ಇದ್ದಕ್ಕಿದ್ದ ಹಾಗೆ ಕಪ್ಪು ಆಗಿಬಿಟ್ಟರು ಅಂತ ಹೊಸ ಸಂಶೋಧನೆ ಮಂಡಿಸಿದರು. ಲಿಂಕನ್ ಆದ ಮೇಲೆ ಕಪ್ಪು ಜನರ ಪಾಲಿಗೆ ಅತ್ಯುತ್ತಮ ಅಧ್ಯಕ್ಷ ನಾನೇ ಅಂತಲೂ ಘೋಷಿಸಿದರು. ಒಂದು ಗಂಟೆ ಅಂದಿದ್ದು ಅರ್ಧ ಗಂಟೆ ದಾಟುತ್ತಿದ್ದ ಹಾಗೇ ಮುಗಿಯಿತು. ಒಬ್ಬರು ಕಾಪಿ ಚೀಟಿ ಹಂಚಿ ಫೇಲು, ಇನ್ನೊಬ್ಬರು ಓದದೆ ಬಂದು ಮೇಷ್ಟ್ರನ್ನೇ ಬೈದು ಹೋದರು.

ಇನ್ನು ಮೇಲೆ ಪ್ರಶ್ನೆ ಕಳಿಸುವುದಿಲ್ಲ ಅಂತ ಬೈಡನ್ ಪ್ರಚಾರದ ಕಡೆಯಿಂದ ಮಾತು ಬಂತು. ಒಳ್ಳೆಯದು. ಆದರೆ ಆ ಪಥ್ಯವನ್ನು ಪರೀಕ್ಷೆ ಮಾಡಲು ಟೈಮೇ ಸಿಗಲಿಲ್ಲ. ಜುಲೈ 21ರಂದು ಬೈಡನ್ನರೇ ಕಣದಿಂದ ಹಿಂದೆ ಸರಿದರು. ಪ್ರಶ್ನೆ ಓದಿದವರು ಹೋಗಿ ಎರಡು ವಾರಕ್ಕೆ ಉತ್ತರ ಕೊಟ್ಟವರೂ ಹೋದರು. ಪ್ರಶ್ನೆ ಕಳಿಸಿದ ಪ್ರಚಾರ ಸಮಿತಿಗೆ ಮಾತ್ರ ಏನೂ ಆಗಲಿಲ್ಲ. ಅದೇ ದಿನ ಬೋರ್ಡಿನ ಮೇಲೆ ಬೈಡನ್ ಅಂತ ಇದ್ದಿದ್ದನ್ನು ಹ್ಯಾರಿಸ್ ಅಂತ ಬರೆದುಕೊಂಡು ಮುಂದೆ ನಡೆಯಿತು.

ಅಕ್ಟೋಬರ್ 15ರಂದು ಕಮಲಾ ಹ್ಯಾರಿಸ್ ಡೆಟ್ರಾಯಿಟ್‌ನಲ್ಲಿ ಅದೇ ಶಾರ್ಲಮೇನ್ ಎದುರು ರೇಡಿಯೋದಲ್ಲಿ ಕೂತರು. ನೀವು ಯಾವಾಗಲೂ ಬರೆದುಕೊಟ್ಟದ್ದನ್ನೇ ಒಪ್ಪಿಸುತ್ತೀರಿ ಅಂತ ಜನ ಹೇಳುತ್ತಾರಲ್ಲ ಅಂದರು ಶಾರ್ಲಮೇನ್. ಹ್ಯಾರಿಸ್ ಅಳುಕಲಿಲ್ಲ. ಅದಕ್ಕೆ ಶಿಸ್ತು ಅಂತಾರೆ ಅಂದರು.